ಎತ್ತಿಗಿಲ್ಲದ ಹಲ್ಲು

ಎತ್ತಿಗೆ ಮೇಲ್ದವಡೆಯಲ್ಲಿ ಮುಂದಿನ ಹಲ್ಲು ಇರುವುದಿಲ್ಲ. ಗುರುಗುಂಟಾದ ದನದ ದಲಾಲ ಕನಕರಾಯನಿಗೆ ಇದು ಅಕ್ಷರ ಕಲಿಯುವುದಕ್ಕೂ ಮೊದಲೇ ಗೊತ್ತಿತ್ತು. ಅಕ್ಷರಗಳನ್ನು ಆಮೇಲೆ ಮರೆತ, ಇದನ್ನು ಮರೆಯಲಿಲ್ಲ. ಶಿವರಾತ್ರಿಗೆ ಮುಂಚಿನ ಒಂದು ಸಂತೆಯಲ್ಲಿ ಅವನು ಹೋರಿಯೊಂದರ ತುಟಿ ಬಿಡಿಸಿ ಬಗ್ಗಿ ನೋಡುತ್ತಿದ್ದಾಗ ಅದು ತಲೆ ಕೊಡವಿತು. ಕೋಡಿನ ಬುಡ ಬಡಿದು ಮುರಿದದ್ದು ಸರಿಯಾಗಿ ಅವನ ಮೇಲ್ದವಡೆಯ ನಡುವಿನ ಹಲ್ಲು.

"ತನಗಿಲ್ಲದ್ದು ಇನ್ನೊಬ್ಬರಿಗೆ ಇರಬಾರದು ಅನ್ನೋದು ಬರೀ ಮನಷ್ಯಾರ ಬುದ್ಧಿ ಅಂತ ತಿಳಿದಿದ್ದೆ," ಎಂದು ಸಂತೆಯಿಂದ ಸಂತೆಗೆ ಚಹಾದ ಬಂಡಿ ಒಯ್ಯುತ್ತಿದ್ದ ಕರೀಂಸಾಬ್, ರಕ್ತ ಒರೆಸಿಕೊಳ್ಳಲು ನೀರು ಕೊಡುತ್ತ ಹೇಳಿದ. "ಎತ್ತಿಗೂ ಬಂದೈತಿ ನೋಡು."

ಕನಕರಾಯನ ಕಸುಬಿನಲ್ಲಿ ಬಾಯಿಯೇ ಬಂಡವಾಳ. ದನದ ಬಾಯಿ ಬಿಡಿಸಿ, ಕೆಳಗಿನ ಹಲ್ಲು ನೋಡಿ, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಇಲ್ಲವೇ ಎಂಟೂ ಬಂದು ಬಾಯಿಗೂಡಿದೆ ಎಂದು ವಯಸ್ಸು ಹೇಳಬೇಕು; ಕೊಳ್ಳುವವನು ನಂಬಬೇಕು. ಅವನು "ಸಾಚಾ ಆರು" ಎಂದ ಮೇಲೆ ಯಾವ ರೈತನೂ ತಾನಾಗಿ ಬಗ್ಗಿ ನೋಡಿದ್ದಿಲ್ಲ. ಆ ‘ಸಾಚಾ’ ಎಂಬುದು ಅವನ ಮುದ್ರೆ. ಕಾಲುವೆ ನೀರು ಹರಿದ ಸಿಂಧನೂರಿನ ಕಡೆ ಟ್ರ್ಯಾಕ್ಟರು ಬಂದು ಎತ್ತುಗಳು ಹೋದವು. ಲಿಂಗಸುಗೂರು, ಮಸ್ಕಿಯ ಒಣಭೂಮಿಯಲ್ಲಿ ಇನ್ನೂ ಅಲ್ಲೊಬ್ಬ ಇಲ್ಲೊಬ್ಬನಿಗೆ ಬಿತ್ತನೆಗೆ ಎತ್ತು ಬೇಕು. ಹಾಗಾಗಿ ಮುಂಗಾರಿಗೆ ಮೊದಲಿನ ಬೇಸಿಗೆಯೇ ದಲಾಲರ ಸುಗ್ಗಿ. ಹಲ್ಲು ಮುರಿದದ್ದು ಆ ಸುಗ್ಗಿಯ ಹೊಸ್ತಿಲಲ್ಲಿ.

ಮುಂದಿನ ಸಂತೆಯಲ್ಲಿ ಅವನು "ಸಾಚಾ" ಎಂದಾಗ ಅದು ಕುಕ್ಕರಿನ ಸೀಟಿಯಂತೆ ಹೊರಬಿತ್ತು. ರೈತ ಮೊದಲು ಕನಕರಾಯನ ಬಾಯಿ ನೋಡಿದ. ಆಮೇಲೆ, ಯಾವತ್ತೂ ಆಗದ್ದು ಆಯಿತು: ತಾನೇ ಬಗ್ಗಿ ಎತ್ತಿನ ಬಾಯಿಯನ್ನೂ ನೋಡಿದ. ಹಲ್ಲು ಮುರಿದಾಗ ಆಗದ ನೋವು ಕನಕರಾಯನಿಗೆ ಆಗ ಆಯಿತು. ಇದು ಒಂದು ಸುಗ್ಗಿಯಿಡೀ ನಡೆದರೆ ಮಾತಿನ ಮೇಲೆ ಬದುಕಿದವನ ಮಾತು ಮತ್ತೆ ಸಂತೆಯಲ್ಲಿ ನಡೆಯುವುದಿಲ್ಲ. ಅತ್ತ ಮಸ್ಕಿಯ ದಲಾಲ ದುರುಗಪ್ಪ, "ತನ್ನ ಹಲ್ಲು ಕಾಯಾಕ ಬರದಾಂವ ಎತ್ತಿನ ಹಲ್ಲು ಏನು ಹೇಳ್ತಾನ?" ಎಂದನೆಂದು ಕರೀಂಸಾಬ್ ಚಹಾದ ಜೊತೆ ಬಡಿಸಿದ. ಬೇರೆಯವರ ಮಾತನ್ನು ಬಿಸಿ ಆರದಂತೆ ತಲುಪಿಸುವುದರಲ್ಲಿ ಕರೀಂಸಾಬನಿಗೆ ಸಮನಿಲ್ಲ.

ಲಿಂಗಸುಗೂರಿನ ಹಲ್ಲಿನ ಡಾಕ್ಟರ್ ಅಮೂಲ್ಯಾ ಚಿಕ್ಕ ವಯಸ್ಸಿನವಳು, ನೇರ ಮಾತಿನವಳು. ಮುರಿದ ಹಲ್ಲಿನ ಬೇರಿಗೆ ಚಿಕಿತ್ಸೆ ಮಾಡಿ ಮುಗಿಸಿದ ದಿನ ಮುಂದಿನದನ್ನು ಹೇಳಿದಳು.

"ನೋಡ್ರಿ ಕಾಕಾ, ಬೇರು ಗಟ್ಟಿ ಐತಿ. ಆದ್ರ ಹಲ್ಲು ವಸಡಿನ ಒಳಗ ಮುರದೈತಿ. ಕ್ಯಾಪ್ ಕುಂದ್ರಾಕ ಹಿಡಿತ ಸಾಲಂಗಿಲ್ಲ. ವಸಡು ತುಸು ಕೊಯ್ದು ಹಲ್ಲು ಹೊರಗ ತರ್ತೀನಿ. ಆಮ್ಯಾಲೆ ವಸಡು ಮಾಯ್ದು ತನ್ನ ಜಾಗಾ ಹಿಡೀಬೇಕು. ಅಲ್ಲೀತನ ತಾತ್ಕಾಲಿಕ ಪ್ಲಾಸ್ಟಿಕ್ ಹಲ್ಲು. ಖರೇದು ಮೂರು ತಿಂಗಳ ಮ್ಯಾಲೆ."

ಕನಕರಾಯ ಕುರ್ಚಿಯಲ್ಲಿ ಒರಗಿದವನು ಎದ್ದು ಕೂತ. ಅವನಿಗೆ ಎರಡು ಕಡೆ ಸಂಶಯದ ವಾಸನೆ ಹೊಡೆದಿತ್ತು.

"ವಸಡು ಕೊಯ್ದ್ರ ಹಲ್ಲು ಉದ್ದ ಕಾಣತೈತಲ್ಲವ್ವಾ?"

"ಹೌದು, ತುಸು."

"ವಸಡು ಸರದು ಹಲ್ಲು ಉದ್ದಾದ ಎತ್ತಿಗೆ ನಾವು ಏನಂತೀವಿ ಗೊತ್ತೈತೇನು? ಮುದುಕ ಅಂತೀವಿ."

"ನೀವು ಎತ್ತಲ್ಲಲ್ರಿ ಕಾಕಾ."

"ಅದು ಖರೆ," ಎಂದು ಕನಕರಾಯ ಒಪ್ಪಿದ. ಆದರೆ ಎರಡನೆಯ ವಾಸನೆ ಹೋಗಲಿಲ್ಲ. ದನದ ವ್ಯಾಪಾರದಲ್ಲಿ ‘ಇನ್ನೊಂದು ಸಂತೆಗೆ ನೋಡೋಣು’ ಎಂದವನು ಒಂದೋ ಐಬು ಮುಚ್ಚಿಡುತ್ತಾನೆ, ಇಲ್ಲಾ ಬೇರೆ ಗಿರಾಕಿಗೆ ಮಾತು ಕೊಟ್ಟಿರುತ್ತಾನೆ. ಮೂರನೆಯ ಕಾರಣ ಅವನು ಕಂಡಿದ್ದಿಲ್ಲ. ಒಂದು ಸಂತೆ ತಡ ಮಾಡುವವನನ್ನೇ ಅವನು ನಂಬುತ್ತಿರಲಿಲ್ಲ. ಇವಳು ಇಡೀ ಸುಗ್ಗಿ ತಡ ಮಾಡುತ್ತಿದ್ದಾಳೆ.

ಹೋಳಿ ಹುಣ್ಣಿಮೆಯ ಆಸುಪಾಸು ವಸಡು ಕೊಯ್ದದ್ದಾಯಿತು, ಪ್ಲಾಸ್ಟಿಕ್ ಹಲ್ಲು ಕೂತದ್ದಾಯಿತು. ನೋಡಲು ಪರವಾಗಿಲ್ಲ. "ಸಾಚಾ" ಕೂಡ ಸೀಟಿಯಿಲ್ಲದೆ ಬಂತು. ಆದರೆ ಗಟ್ಟಿ ಕಡಿಯಬಾರದು, ಜೋರಾಗಿ ಒದರಬಾರದು, ಯಾವಾಗ ಬೇಕಾದರೂ ಸಡಿಲಬಹುದು ಎಂದಿದ್ದಳು. ಸಂತೆಯಲ್ಲಿ ಒದರದೆ ಮಾತಾಡುವವನನ್ನು ರೈತರು ಜ್ವರ ಬಂದವನೆಂದು ತಿಳಿಯುತ್ತಾರೆ.

ಸಂಶಯಕ್ಕೆ ಸಾಕ್ಷಿಗಳು ತಾವಾಗಿ ಬಂದು ಸೇರತೊಡಗಿದವು. ಹೊಲಿಗೆ ಬಿಚ್ಚಿಸಲು ಹೋದ ದಿನ ಪಕ್ಕದ ಕುರ್ಚಿಯಲ್ಲಿ ಊರ ಶಾಲೆಯ ಶಿವಕುಮಾರಿ ಟೀಚರ್ ಸಿಕ್ಕಳು. ಅವಳ ದವಡೆ ಹಲ್ಲಿಗೆ ಒಂದೇ ವಾರದಲ್ಲಿ ಕ್ಯಾಪ್ ಹಾಕಿದ್ದಾರಂತೆ.

"ವಸಡು ಕೊಯ್ದ್ರೇನ್ರೀ ಟೀಚರ?"

"ಇಲ್ಲಪ್ಪ, ನಂದೇನು ಕೊಯ್ಯೋದಿರಲಿಲ್ಲ."

ಈ ಉತ್ತರದ ಎರಡನೆಯ ಅರ್ಧವನ್ನು ಕನಕರಾಯ ಕೇಳಿಸಿಕೊಳ್ಳಲಿಲ್ಲ. ಟೀಚರಿಗೆ ವಾರ, ತನಗೆ ಮೂರು ತಿಂಗಳು. ಅಷ್ಟೇ ಅವನಿಗೆ ಉಳಿದದ್ದು. ಮೆಟ್ಟಿಲಿಳಿದು ಬಂದರೆ, ಎದುರಿನ ಬೇವಿನ ಮರದ ನೆರಳಿಗೆ ಒಂದು ಬೈಕು ನಿಂತಿತ್ತು. ಹ್ಯಾಂಡಲಿಗೆ ಎತ್ತಿನ ಕೊರಳಗೆಜ್ಜೆ ಕಟ್ಟಿದ ಬೈಕು ಇಡೀ ಜಿಲ್ಲೆಯಲ್ಲಿ ದುರುಗಪ್ಪನದೊಂದೇ.

ಎಲ್ಲವೂ ಸ್ಪಷ್ಟವಾಯಿತು. ಮನೆಗೆ ಬಂದು ಹೆಂಡತಿ ಯಂಕಮ್ಮನಿಗೆ ಹೇಳಿದ.

"ದುರುಗ್ಯಾ ಆಕಿನ ಹಿಡದಾನ. ಸುಗ್ಗಿ ಮುಗಿಯೋತನ ನನ್ನ ಬಾಯಿ ಕಟ್ಟಿಡಂತ ಹೇಳ್ಯಾನ."

ಯಂಕಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ನಿಮ್ಮ ಬಾಯಿ ಕಟ್ಟಾಕ ಯಾರಿಗಾದ್ರೂ ಆಗಿದ್ರ ನಾನ ಮೊದಲ ಕಟ್ಟಿಸ್ತಿದ್ದೆ."

"ನಗಬ್ಯಾಡ. ಆಂವ ಸಂತ್ಯಾಗ ಹೆಂಗ ತಿರಗಾಕತ್ತಾನ ಗೊತ್ತೈತೇನು? ಮೂಗಿನ ಕೆಳಗ ಟವೆಲ್ ಸುತಗೊಂಡು. ಮಾತಿಲ್ಲ ಕತಿಲ್ಲ. ಯಾರರ ಕೇಳಿದ್ರ ಧೂಳಿಗೆ ಅಲರ್ಜಿ ಅಂತ ಕೈಸನ್ನಿ ಮಾಡ್ತಾನ. ಒಳಗ ನಗಾಕತ್ತಾನ ಆಂವ!"

"ಟವೆಲ್ ಒಳಗ ನಗೋದು ನಿಮಗ ಹೆಂಗ ಕಾಣತು?"

ಸಂಶಯ ಹಿಡಿದವನಿಗೆ ಕಾಣದಿರುವುದೇ ದೊಡ್ಡ ಪುರಾವೆ.

ಯುಗಾದಿ ಮುಗಿದ ಮೇಲೆ ಒಂದು ದಿನ ಅವನು ಸಿಂಧನೂರಿಗೆ ಹೊರಟ. ಅಲ್ಲಿ ಬಸವಲಿಂಗ ಎಂಬ ಹಿರಿಯ ಹಲ್ಲಿನ ಡಾಕ್ಟರಿದ್ದಾರೆ, ಮಾತು ಕಡಿಮೆ, ಕೈ ಶುದ್ಧ ಎಂದು ಯಾರೋ ಹೇಳಿದ್ದರು. ಅದಕ್ಕಿಂತ ಮುಖ್ಯವಾದದ್ದು, ಲಿಂಗಸುಗೂರಿನಿಂದ ಅಷ್ಟು ದೂರ ಹಲ್ಲು ತೋರಿಸಲು ಯಾರೂ ಹೋಗುವುದಿಲ್ಲ. ಗುರುತಿನವರ ಕಣ್ಣಿಗೆ ಬೀಳುವ ಭಯವಿಲ್ಲ. ದಾರಿಯಲ್ಲಿ ಅವನು ಒಂದು ನಿರ್ಧಾರ ಮಾಡಿಕೊಂಡ. ವಸಡು ಕೊಯ್ಸಿದ ಸುದ್ದಿಯನ್ನು ಹೇಳಬಾರದು. ದನ ಮಾರುವವನು ಐಬು ತಾನಾಗಿ ಹೇಳುವುದಿಲ್ಲ, ನೋಡುವವನ ಕಣ್ಣು ಹುಡುಕಬೇಕು. ಡಾಕ್ಟರು ಹುಡುಕದಿದ್ದರೆ ಅವನು ದಡ್ಡ. ಹುಡುಕಿಯೂ ಇವತ್ತೇ ಕ್ಯಾಪ್ ಹಾಕುತ್ತೇನೆಂದರೆ ಅಮೂಲ್ಯಾ ಕಳ್ಳಿ. ಚಿಕಿತ್ಸೆಗೆ ಹೋಗುವವನು ಹೀಗೆ ವೈದ್ಯನಿಗೇ ಪರೀಕ್ಷೆ ಒಡ್ಡುವುದು ಬೇರೆ ಕಸುಬಿನವರಿಗೆ ಹೊಳೆಯಲಿಕ್ಕಿಲ್ಲ.

ಬಸವಲಿಂಗ ಡಾಕ್ಟರರು ಬಾಯಿ ತೆಗೆಯಲು ಹೇಳಿ, ಹೆಬ್ಬೆರಳಿನಿಂದ ಮೇಲ್ದುಟಿ ಎತ್ತಿ ಹಿಡಿದರು. ಆ ಹೆಬ್ಬೆರಳು ಇಟ್ಟ ರೀತಿಯಲ್ಲೇ ಕನಕರಾಯನಿಗೆ ಸ್ವಲ್ಪ ಅಳುಕಾಯಿತು. ಅದು ಕಸುಬು ಬಲ್ಲವನ ಹೆಬ್ಬೆರಳು.

"ವಸಡು ಯಾವಾಗ ಕೊಯ್ಸೀರಿ?"

ಕನಕರಾಯ ಅರೆತೆರೆದ ಬಾಯಲ್ಲೇ ಯೋಚಿಸಿ, ಮುಚ್ಚಿಡುವುದು ಬಿಟ್ಟು ಸುಳ್ಳಿಗೆ ಸರಿದ. "ಭಾಳ ದಿನಾ ಆತ್ರಿ. ದಸರಾಕ."

ಡಾಕ್ಟರು ಇನ್ನೊಮ್ಮೆ ಬಗ್ಗಿದರು. ಸಣ್ಣ ಕಡ್ಡಿಯಿಂದ ಎಲ್ಲೋ ಒಂದು ಕಡೆ ಮುಟ್ಟಿದರು. "ದಸರಾದ್ದಲ್ಲ ಇದು. ಹೋಳಿ ಹುಣ್ಣಿಮಿದು."

ಕನಕರಾಯ ತನ್ನ ಜೀವಮಾನದಲ್ಲಿ ಸಾವಿರಾರು ಬಾಯಿಗಳ ವಯಸ್ಸು ಹೇಳಿದವನು. ಆದರೆ ಅವನ ಬಾಯಿಯ ವಯಸ್ಸನ್ನು ಇನ್ನೊಬ್ಬ ಹೀಗೆ ಮುಖದ ಮೇಲೆ ಹೇಳಿದ್ದು ಇದೇ ಮೊದಲು. ಅವಮಾನವಾಯಿತು. ಅದರ ಕೆಳಗೆ, ಒಪ್ಪಿಕೊಳ್ಳಲು ಮನಸ್ಸಿಲ್ಲದ ಒಂದು ಮೆಚ್ಚುಗೆಯೂ ಆಯಿತು.

"ಹೆಂಗ ಗೊತ್ತಾತ್ರಿ?"

"ಇನ್ನೂ ಕೆಂಪೈತಿ, ಮಿಂಚತೈತಿ. ಮುಟ್ಟಿದ್ರ ರಕ್ತ ಬರ್ತೈತಿ. ಹಳೇ ವಸಡು ಹಿಂಗಿರಂಗಿಲ್ಲ."

"ಇವತ್ತ ಪಕ್ಕಾ ಕ್ಯಾಪ್ ಹಾಕಿಬಿಡ್ರಿ ಅಲಾ. ನನಗ ಭಾಳ ತಡ ಆಗಾಕತ್ತೈತಿ."

"ಹಾಕಬಹುದು. ಬ್ಯಾಡಂದ್ರ ನೀವು ಇನ್ನೊಬ್ಬರ ಕಡೆ ಹೋಗಿ ಹಾಕಿಸ್ತೀರಿ. ಕೇಳ್ರಿ." ಡಾಕ್ಟರು ಕೈಗವಸು ಬಿಚ್ಚಿದರು. "ಕೊಯ್ದ ವಸಡು ಇನ್ನೂ ಸರೀತಿರತೈತಿ. ಮ್ಯಾಲೆ ಹೋಗಬಹುದು, ಕೆಳಗ ಇಳೀಬಹುದು. ಎಲ್ಲಿ ನಿಲ್ಲತೈತಿ ಅಂತ ಈಗ ಯಾರೂ ಹೇಳಂಗಿಲ್ಲ. ಹಿಂದಿನ ಹಲ್ಲಾದ್ರ ಲಗೂ ಹಾಕಿದ್ರೂ ಯಾರಿಗೂ ಕಾಣಂಗಿಲ್ಲ. ಇದು ಮುಂದಿನ ಹಲ್ಲು. ಇವತ್ತು ಅಂಚು ಕೂಡಿಸಿ ಹಾಕ್ತೀನಿ. ನಾಳೆ ವಸಡು ಮ್ಯಾಲೆ ಹೋತು. ಕ್ಯಾಪಿನ ಅಂಚು ಹೊರಗ ಬಂತು. ಅಲ್ಲೊಂದು ಕರೀ ಗೆರಿ. ನಗೂದ ತಡ, ಎದುರಿನಾಂವಗ ಮೊದಲ ಅದ ಕಾಣತೈತಿ."

ಕನಕರಾಯನ ಕಣ್ಣೆದುರು ಹಳೆಯ ಎತ್ತೊಂದು ಬಂದು ನಿಂತಿತು. ಯಾರೋ ಅದರ ಉದ್ದ ಹಲ್ಲುಗಳನ್ನು ಅರದಿಂದ ಉಜ್ಜಿ ಗಿಡ್ಡ ಮಾಡಿ, ಹರೆಯದ್ದೆಂದು ಸಂತೆಗೆ ತಂದಿದ್ದರು. ಹಲ್ಲಿನ ಬುಡದ ಗೆರೆ ನೋಡಿ ಐಬು ಹಿಡಿದವನು ಇವನೇ. ಆ ಮಾರುವವನು ಮತ್ತೆ ಆ ಸಂತೆಗೆ ಕಾಲಿಡಲಿಲ್ಲ. ಈಗ ತಾನು ಅದೇ ಎತ್ತಿನ ಬಾಯಿ ಹೊತ್ತು ಸಂತೆಯಲ್ಲಿ ನಿಂತು "ಸಾಚಾ" ಎನ್ನುವುದನ್ನು ಕಲ್ಪಿಸಿಕೊಂಡ.

"ತಡೀತೀನಿ," ಎಂದ. ಬಾಗಿಲ ತನಕ ಹೋಗಿ ತಿರುಗಿದ. "ಲಿಂಗಸುಗೂರಿನ ಡಾಕ್ಟರವ್ವ ನಿಮಗ ಫೋನ್ ಏನರ ಮಾಡಿದ್ದಳೇನ್ರಿ?"

"ಯಾವ ಡಾಕ್ಟರವ್ವ?"

ಆ ಪ್ರಶ್ನೆ ಸಹಜವಾಗಿತ್ತು. ಅದೇ ಅವನಿಗೆ ಅನುಮಾನ ತಂದಿತು.

ಹೊರಗಿನ ಬೆಂಚಿನ ಮೇಲೆ ದುರುಗಪ್ಪ ಕೂತಿದ್ದ. ಕಾಂಪೌಂಡರ ಆಗಷ್ಟೇ ಬಾಯಿ ಮುಕ್ಕಳಿಸಲು ಹೇಳಿದ್ದರಿಂದ ಟವೆಲು ತೊಡೆಯ ಮೇಲಿತ್ತು. ಕೆಳತುಟಿ ಒಳಗೆ ಸರಿದು, ಗಲ್ಲ ಮೂಗಿನ ಕಡೆ ಏರಿ, ಮುಖ ಅರ್ಧ ಮಡಚಿದ ಕೊಡೆಯಂತಾಗಿತ್ತು. ಕೆಳದವಡೆಯಲ್ಲಿ ಒಂದು ಹಲ್ಲೂ ಇರಲಿಲ್ಲ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮೊದಲು ಬಾಯಿ ಬಿಟ್ಟವನು ಕನಕರಾಯ.

"ಇಲ್ಲೇ ಬೀಗರ ಮನಿಗೆ ಬಂದಿದ್ದೆ."

"ನಾನೂ ಭತ್ತದ ರೇಟು ಕೇಳಾಕ ಬಂದಿದ್ದೆ," ಎಂದ ದುರುಗಪ್ಪ. ಹಲ್ಲಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಹೇಳಿದ ಈ ಮಾತು ಒದ್ದೆಯಾಗಿ, ಎಲುಬಿಲ್ಲದೆ ಹೊರಬಂತು. ಅವನು ಅವಸರದಿಂದ ಟವೆಲು ಸುತ್ತಿಕೊಂಡ. ಆಮೇಲೆ ಟವೆಲಿನೊಳಗಿನಿಂದ ಕೇಳಿದ: "ಲಿಂಗಸುಗೂರಾಗ ಆಕಿ ನನ್ನ ಕೆಳಗಿನ ಹಲ್ಲೆಲ್ಲಾ ಕಿತ್ತು ಕುಂದ್ರಿಸ್ಯಾಳ. ಹುಳ ಹಿಡದಿದ್ದವು, ಅದು ಖರೆ. ಸೆಟ್ ಹಾಕವ್ವಾ ಅಂದ್ರ ವಸಡು ಕೂಡಬೇಕು, ತಡೀರಿ ಅಂತಾಳ. ನೀ ಆಕಿಗೆ ಏನರ ಹೇಳೀಯೇನಲೇ ಕನಕ್ಯಾ?"

"ನಾ ಯಾಕ ಹೇಳಲಿ? ನೀ ಹೇಳಿದ್ದಿಲ್ಲಾ?"

"ನಾ ಯಾಕ ಹೇಳಲಿ?"

ಇಬ್ಬರೂ ನಿಜವನ್ನೇ ಹೇಳಿದ್ದರು, ಇಬ್ಬರೂ ನಂಬಲಿಲ್ಲ. ದುರುಗಪ್ಪ ಒಳಗೆ ಹೋಗಿ ಬರುವ ತನಕ ಕನಕರಾಯ ಕಾದ. ಗೆಳೆತನಕ್ಕಲ್ಲ, ಅವನಿಗೆ ಇವತ್ತೇ ಹಲ್ಲಿನ ಸೆಟ್ಟು ಸಿಗುತ್ತದೆಯೇ ನೋಡಲು. ಸಿಗಲಿಲ್ಲ. ಮರಳುವಾಗ ಎರಡು ಬೈಕುಗಳೂ ಒಂದೇ ದಾರಿ ಹಿಡಿದವು. ಹಸಿರು ಗದ್ದೆ ಮುಗಿದು, ನೆಲ ಬಣ್ಣ ಬದಲಿಸಿ, ಮಸ್ಕಿಯ ಗುಡ್ಡ ಕಾಣುವ ತನಕ ಒಬ್ಬನೂ ಇನ್ನೊಬ್ಬನನ್ನು ಮುಂದೆ ಹೋಗಲು ಬಿಡಲಿಲ್ಲ, ಹಿಂದೆ ಬೀಳಲೂ ಬಿಡಲಿಲ್ಲ. ಇನ್ನೊಬ್ಬ ಡಾಕ್ಟರ ಕಡೆ ತಿರುಗಿಬಿಟ್ಟರೆ?

"ಎತ್ತಿಗೆ ಇರೋ ಹಲ್ಲು ಅವಗಿಲ್ಲ. ಎತ್ತಿಗೆ ಇಲ್ಲದ ಹಲ್ಲು ನನಗಿಲ್ಲ," ಎಂದು ಅವತ್ತು ಊಟಕ್ಕೆ ಕೂತಾಗ ಕನಕರಾಯ ಹೇಳಿದ.

"ಹಂಗಾರ ಇಬ್ಬರೂ ಕೂಡಿ ಒಂದು ಎತ್ತು ಆಗ್ತೀರಿ," ಎಂದಳು ಯಂಕಮ್ಮ. "ಹೂಡಿದ್ರ ಹೊಲ ಹರಗತೀರೋ ಇಲ್ಲೋ ಅಷ್ಟ ನೋಡಬೇಕು."

ದುರುಗಪ್ಪನ ಬಾಯಿಯ ಸುದ್ದಿ ಕನಕರಾಯನ ಕೈಯಲ್ಲಿತ್ತು. ಕರೀಂಸಾಬನ ಕಿವಿಗೆ ಒಂದು ಮಾತು ಬಿದ್ದರೆ ಸಾಕು, ಎರಡು ಸಂತೆಗಳು ನಗುತ್ತಿದ್ದವು. ಅವನು ಹೇಳಲಿಲ್ಲ. ದಯೆಯಿಂದಲ್ಲ. ಒಳ್ಳೆಯ ಸರಕನ್ನು ಬೇಸಿಗೆಯ ಶುರುವಿನಲ್ಲೇ ಯಾರೂ ಬಿಟ್ಟುಕೊಡುವುದಿಲ್ಲ.

ಕಾರ ಹುಣ್ಣಿಮೆ ಸಮೀಪಿಸಿದಾಗ ಮಸ್ಕಿಯ ಸಂತೆಗೆ ಹುಸೇನಪ್ಪ ಎಂಬ ರೈತ ಒಂದು ಜೋಡಿ ಎತ್ತು ಹುಡುಕಿಕೊಂಡು ಬಂದ. ತನ್ನ ಪರವಾಗಿ ನೋಡಲು ಕನಕರಾಯನನ್ನು ಹಿಡಿದ. ಮೆಚ್ಚಿದ ಜೋಡಿ ಸಿಕ್ಕಿತು. ಆದರೆ ಮಾರುವವನ ಪರ ನಿಂತವನು, ಮೂಗಿನ ಕೆಳಗೆ ಟವೆಲು ಸುತ್ತಿದ ದುರುಗಪ್ಪ. ಹಳೆಯ ಇಬ್ಬರು ದಲಾಲರು ಎದುರುಬದುರು ಎಂದರೆ ಜನ ಸೇರುತ್ತಾರೆ. ಸೇರಿದರು. ಕರೀಂಸಾಬ್ ಬಂಡಿ ಬಿಟ್ಟು ಬಂದ.

ಕನಕರಾಯ ಎತ್ತಿನ ತುಟಿ ಬಿಡಿಸಿ ಬಗ್ಗಿದ. ನೋಡಿದ. ನೆಟ್ಟಗೆ ನಿಂತು, ಎಂದಿನಂತೆ ಎಲ್ಲರಿಗೂ ಕೇಳುವ ಹಾಗೆ ಹೇಳಲು ಬಾಯಿ ತೆರೆದ.

"ಸಾ..."

ಪ್ಲಾಸ್ಟಿಕ್ ಹಲ್ಲು ಜಾರಿ ನಾಲಿಗೆಯ ಮೇಲೆ ಬಿತ್ತು.

ಅವನು ಬಾಯಿ ಮುಚ್ಚಿದ. ಜನ ಕಾದರು. ಬಾಯಿ ತೆರೆದರೆ ಹಲ್ಲು ನೆಲಕ್ಕೆ, ನೆಲದಲ್ಲಿ ಸಗಣಿ, ಸಗಣಿಯ ಸುತ್ತ ಇಡೀ ಸಂತೆ. ಕನಕರಾಯ ನಿಧಾನವಾಗಿ ಎರಡೂ ಕೈ ಎತ್ತಿ, ಒಂದರಲ್ಲಿ ಐದು, ಇನ್ನೊಂದರಲ್ಲಿ ಒಂದು ಬೆರಳು ತೋರಿಸಿದ. ಮುಖ ಕಲ್ಲಿನಂತಿತ್ತು.

ಹುಸೇನಪ್ಪ ಆ ಮುಖ ನೋಡಿದ. ಎತ್ತಿನ ಕಡೆ ಬಗ್ಗುವನೋ ಎಂದು ಒಂದು ಗಳಿಗೆ ಅನ್ನಿಸಿತು. ಬಗ್ಗಲಿಲ್ಲ.

"ರೇಟು ಮಾತಾಡ್ರಿ," ಎಂದ.

ಈಗಿನ ಹುಡುಗರು ಮೊಬೈಲಿನಲ್ಲಿ ಅಂಕಿ ಒತ್ತಿ ಒಬ್ಬರಿಗೊಬ್ಬರು ತೋರಿಸುತ್ತಾರೆ, ಇಲ್ಲವೇ ಒದರಾಡುತ್ತಾರೆ. ಹಿಂದಿನವರು ಹಾಗಲ್ಲ. ಇಬ್ಬರ ಕೈಗಳ ಮೇಲೆ ಒಂದು ಬಟ್ಟೆ ಮುಚ್ಚಿ, ಒಳಗೆ ಬೆರಳು ಹಿಡಿದು ಹಿಡಿದು ರೇಟು ಮುಗಿಸುತ್ತಾರೆ. ಮಾತು ಬೇಡ, ಹಲ್ಲೂ ಬೇಡ. ಕನಕರಾಯ ಸುಮ್ಮನೆ ಬಲಗೈ ಮುಂದೆ ಚಾಚಿದ. ದುರುಗಪ್ಪನ ಕಣ್ಣಲ್ಲಿ ಮೊದಲು ಆಶ್ಚರ್ಯ, ಆಮೇಲೆ ಗುರುತು, ಆಮೇಲೆ ನೆಮ್ಮದಿ ಬಂದವು. ಅವನೂ ಕೈ ಚಾಚಿದ.

ಬಟ್ಟೆ ಕೊಡುವುದು ಮಾರುವವನ ದಲಾಲನ ಪಾಳಿ. ದುರುಗಪ್ಪನ ಎಡಗೈ ಅಭ್ಯಾಸದಂತೆ ಟವೆಲಿಗೆ ಹೋಯಿತು. ಅಲ್ಲೇ ನಿಂತಿತು. ಇದ್ದದ್ದು ಒಂದೇ ಟವೆಲು, ಮುಚ್ಚಬೇಕಾದದ್ದು ಎರಡು.

"ಬಿಚ್ಚಲೇ ದುರುಗಣ್ಣ, ಟವೆಲ್ ಬಿಚ್ಚು!" ಎಂದು ಕರೀಂಸಾಬ್ ಹಿಂದಿನಿಂದ ಕೂಗಿದ. "ಧೂಳು ಎಲ್ಲಾರಿಗೂ ಐತಿ!"

ಕನಕರಾಯ ಸುಮ್ಮನೆ ನಿಂತಿದ್ದರೆ ಸಾಕಿತ್ತು, ದುರುಗಪ್ಪನ ಬಾಯಿ ಇಡೀ ಸಂತೆಗೆ ಕಾಣುತ್ತಿತ್ತು. ಬಾಯಿಯನ್ನಂತೂ ತೆರೆಯಬೇಕಾಗಿಯೇ ಇರಲಿಲ್ಲ. ಅವನು ನಾಲಿಗೆಯ ಮೇಲಿನ ಹಲ್ಲನ್ನು ಕೆನ್ನೆಯ ಕಡೆ ಸರಿಸಿ, ತನ್ನ ತಲೆಯ ರುಮಾಲು ಬಿಚ್ಚಿ, ಇಬ್ಬರ ಕೈಗಳ ಮೇಲೆ ಹಾಕಿದ.

ರುಮಾಲಿನ ಕೆಳಗೆ ಬೆರಳುಗಳು ಹಿಡಿದವು, ಬಿಟ್ಟವು, ಮತ್ತೆ ಹಿಡಿದವು. ಸಾಮಾನ್ಯವಾಗಿ ಒಂದು ಚಹಾ ಆರುವಷ್ಟು ಹೊತ್ತು ನಡೆಯುವುದು ಚುಟುಕಾಗಿ ಮುಗಿಯಿತು. ದುರುಗಪ್ಪ ಎರಡನೆಯ ಹಿಡಿತಕ್ಕೇ ಸೋತಿದ್ದ. ಬಿಡುವ ಮೊದಲು ಕನಕರಾಯನ ಕಿರುಬೆರಳನ್ನು ಒಂದು ಸಲ ಒತ್ತಿದ. ಕಿರುಬೆರಳು ಒಂಟಿಯಾಗಿ ಯಾವ ಅಂಕಿಯನ್ನೂ ಹೇಳುವುದಿಲ್ಲ.

ರುಮಾಲು ತೆಗೆದ ಕೂಡಲೇ ಕನಕರಾಯನಿಗೆ ಸಂಶಯ ಬಂತು. ಇಷ್ಟು ಸುಲಭಕ್ಕೆ ಬಿಟ್ಟನೇ? ರುಮಾಲಿನ ಋಣಕ್ಕೆ ಬಿಟ್ಟನೋ, ಎತ್ತಿನಲ್ಲಿ ಐಬು ಇದ್ದದ್ದಕ್ಕೆ ಬಿಟ್ಟನೋ? ಅವನು ಮತ್ತೆ ಬಗ್ಗಿ ಎರಡೂ ಎತ್ತುಗಳ ಬಾಯಿ ಬಿಡಿಸಿದ. ಕಾಲೆತ್ತಿ ಗೊರಸು ನೋಡಿದ. ಬಾಲ ಎಳೆದ. ಬೆನ್ನು ತಟ್ಟಿದ. ಏನೂ ಸಿಗಲಿಲ್ಲ. ಅದು ಅವನನ್ನು ಇನ್ನಷ್ಟು ಚಿಂತೆಗೆ ಹಚ್ಚಿತು.

"ಸಾಕ ಬಿಡೋ ಕನಕಣ್ಣ," ಎಂದು ಹುಸೇನಪ್ಪ ಹಗ್ಗ ಹಿಡಿದ. "ನೀ ಆರು ಅಂದ ಮ್ಯಾಲೆ ಆರ. ಮತ್ಯಾಕ ನೋಡ್ತಿ?" ಹೊರಡುವಾಗ ಪಕ್ಕದವನಿಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು: "ವ್ಯಾಪಾರ ಅಂದ್ರ ಹಿಂಗಿರಬೇಕು ನೋಡು. ಒಂದ ಮಾತಿಲ್ಲ."

ಚಹಾದ ಬಂಡಿಯ ಹಿಂದೆ ಹೋಗಿ ಕನಕರಾಯ ಹಲ್ಲನ್ನು ಅಂಗೈಗೆ ಉಗುಳಿ ಜೇಬಿಗೆ ಹಾಕಿಕೊಂಡ. ಕರೀಂಸಾಬ್ ಕೊಟ್ಟ ಚಹಾವನ್ನು ತಲೆಯಾಡಿಸಿ ಬೇಡವೆಂದ. ಕರೀಂಸಾಬ್ ಬಹಳ ಹೊತ್ತು ಅವನ ಮುಚ್ಚಿದ ಬಾಯನ್ನೇ ನೋಡುತ್ತ ನಿಂತ. ಚಹಾ ಬೇಡವೆನ್ನುವ ದಲಾಲನನ್ನು ಅವನು ಕಂಡದ್ದಿಲ್ಲ.

ಅಮೂಲ್ಯಾ ಜಾರಿದ ಹಲ್ಲನ್ನು ಮತ್ತೆ ಅಂಟಿಸಿದಳು. ಹೇಗೆ ಬಿತ್ತೆಂದು ಕೇಳಿದ್ದಕ್ಕೆ ಬಾಳೆಹಣ್ಣು ತಿನ್ನುವಾಗ ಎಂದು ಉತ್ತರ ಬಂತು. ಮುಂಗಾರಿನ ಮೊದಲ ಮಳೆ ಬಿದ್ದ ವಾರ ವಸಡು ತಿಳಿಗುಲಾಬಿಯಾಗಿ, ಗಟ್ಟಿಯಾಗಿ, ಒಂದು ಕಡೆ ನಿಂತಿತ್ತು. ಹೊಲಿಗೆ ಬಿಚ್ಚಿದ ದಿನ ಬರೆದಿಟ್ಟ ಗುರುತಿಗಿಂತ ಚೂರು ಮೇಲೆ ಸರಿದಿದೆ ಎಂದು ಅವಳು ತೋರಿಸಿದಳು. ಅಳತೆ ತೆಗೆದು, ಖರೆಯ ಕ್ಯಾಪು ತರಿಸಿ, ಕೂಡಿಸಿ, ಕೈಗೆ ಕನ್ನಡಿ ಕೊಟ್ಟಳು.

ಕನಕರಾಯ ತುಟಿ ಎತ್ತಿ ನೋಡಿದ. ಎಡಕ್ಕೆ ವಾಲಿ ನೋಡಿದ. ಕಿಟಕಿಯ ಬೆಳಕಿಗೆ ಹೋಗಿ ನೋಡಿದ. ಗೆರೆಯಿಲ್ಲ. ಬಣ್ಣ ಪಕ್ಕದ ಹಲ್ಲಿನದೇ. ಉದ್ದ ತುಸು ಹೆಚ್ಚು, ಆದರೆ ಅದನ್ನು ಅವಳು ಮೊದಲೇ ಹೇಳಿದ್ದಳು.

"ಐಬು ಎಲ್ಲಿ ಇಟ್ಟೀದಿ ಡಾಕ್ಟರವ್ವಾ?"

"ಐಬಿಲ್ಲರಿ ಕಾಕಾ."

"ಐಬಿಲ್ಲದ ಎತ್ತು ಸಂತಿಗೆ ಯಾಕ ಬರ್ತೈತಿ?" ಎಂದು ಕನಕರಾಯ ಕನ್ನಡಿ ಮರಳಿಸಿದ.

ಮೆಟ್ಟಿಲಿನಲ್ಲಿ ದುರುಗಪ್ಪ ಏರಿ ಬರುತ್ತಿದ್ದ. ಅವನ ಸೆಟ್ಟಿಗೆ ಅಳತೆ ಕೊಡುವ ದಿನ ಅದು. ಇಬ್ಬರೂ ನಿಂತರು. ಈ ಸಲ ಬೀಗರ ಮನೆಯ ಮಾತೂ ಬರಲಿಲ್ಲ, ಭತ್ತದ ರೇಟೂ ಬರಲಿಲ್ಲ. ದುರುಗಪ್ಪ ಒಂದು ಮೆಟ್ಟಿಲು ಮೇಲೆ ಬಂದು, ಎಡಗೈಯಿಂದ ಕನಕರಾಯನ ಗಲ್ಲ ಹಿಡಿದು, ಬಲಗೈ ಹೆಬ್ಬೆರಳಿನಿಂದ ತುಟಿ ಎತ್ತಿ, ಬಗ್ಗಿ ನೋಡಿದ. ಕನಕರಾಯ ತಲೆ ಕೊಡವಲಿಲ್ಲ.

"ಚಂದ ಕುಂತೈತಿ," ಎಂದ ದುರುಗಪ್ಪ ಟವೆಲಿನೊಳಗಿನಿಂದ. ಇನ್ನೂ ಗಲ್ಲ ಬಿಟ್ಟಿರಲಿಲ್ಲ. "ಲೇ ಕನಕ್ಯಾ, ನಿಂದು ಯಾಕ ಇಷ್ಟು ಚಂದ ಮಾಡ್ಯಾಳ?"

ಕನಕರಾಯನಿಗೂ ಅದೇ ಪ್ರಶ್ನೆ ಇತ್ತು. "ನೀ ಒಳಗ ಹೋಗಿ ಬಾ," ಎಂದ. "ನಾ ಇಲ್ಲೇ ಇರ್ತೀನಿ."